98.6 ಎಂಬ ಸಂಖ್ಯೆ ಎಲ್ಲಿಂದ ಬಂತು?

ಬೇಸಿಗೆಯಲ್ಲಿ ನಾವು ‘ರಾಯಚೂರಿನಲ್ಲಿ 40 ಡಿಗ್ರಿ ಬಿಸಿಲು’ ಎನ್ನುತ್ತೇವೆ. ಮಗುವಿಗೆ ಜ್ವರ ಬಂದರೆ ‘102 ಇದೆ’ ಎನ್ನುತ್ತೇವೆ. ಮೊದಲನೆಯದು ಸೆಲ್ಸಿಯಸ್ ಲೆಕ್ಕ, ಎರಡನೆಯದು ಫ್ಯಾರನ್‌ಹೀಟ್ ಲೆಕ್ಕ. ಒಂದೇ ಮನೆಯಲ್ಲಿ ಎರಡು ಅಳತೆಗಳನ್ನು ಬಳಸಿದರೂ ನಮಗೆ ಗೊಂದಲವಿಲ್ಲ. ಆದರೆ ಥರ್ಮಾಮೀಟರಿನಲ್ಲಿ 98.6ರ ಗೆರೆ ದಾಟಿ 99 ಕಂಡಿತೆಂದರೆ ಮನೆಮಂದಿಗೆಲ್ಲ ಕಳವಳ. ಅಷ್ಟೊಂದು ಅಧಿಕಾರ ಈ ಸಂಖ್ಯೆಗೆ ಬಂದದ್ದು ಹೇಗೆ?

ಹಣೆ ಮುಟ್ಟಿ ಜ್ವರ ತಿಳಿಯುವುದು ಎಲ್ಲ ಕಾಲದ ಪದ್ಧತಿ. ಆದರೆ ಕೈ ಮೋಸ ಹೋಗುತ್ತದೆ. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿ ನೋಡಿ. ಒಂದು ಕೈಗೆ ಆ ನೀರು ತಂಪು, ಇನ್ನೊಂದಕ್ಕೆ ಬಿಸಿ!

ಸ್ಪರ್ಶದ ಬದಲು ಕಣ್ಣಿಗೆ ಕಾಣುವ ಗುರುತು ಬೇಕೆಂಬ ಪ್ರಯತ್ನ ಹದಿನಾರನೇ ಶತಮಾನದ ಕೊನೆಗೆ ಇಟಲಿಯಲ್ಲಿ ನಡೆಯಿತು. ಗೆಲಿಲಿಯೊನ ಗಾಜಿನ ಕೊಳವೆಯಲ್ಲಿ ಗಾಳಿ ಬಿಸಿಯಾಗಿ ಹಿಗ್ಗಿದಾಗ ನೀರು ಇಳಿಯುತ್ತಿತ್ತು, ತಣಿದಾಗ ಏರುತ್ತಿತ್ತು. ಪಾದುವಾದ ವೈದ್ಯ ಸ್ಯಾಂಟೋರಿಯೊ ಅಂಥ ಕೊಳವೆಗೆ ಗೆರೆಗಳನ್ನು ಹಾಕಿ ರೋಗಿಗಳ ಮೈ ಬಿಸಿ ನೋಡಿದ. ಹದಿನೇಳನೇ ಶತಮಾನದ ನಡುವೆ ಬಾಯಿ ಮುಚ್ಚಿದ ಮದ್ಯಸಾರದ ಕೊಳವೆಗಳು ಬಂದವು. ಹೊರಗಿನ ಗಾಳಿಯ ಒತ್ತಡ ಅವುಗಳನ್ನು ಏಮಾರಿಸುತ್ತಿರಲಿಲ್ಲ.

ಆದರೂ ಒಂದು ತೊಡಕು ಉಳಿಯಿತು. ಒಬ್ಬನ ಕೊಳವೆಯ ಹತ್ತನೇ ಗೆರೆಗೂ ಇನ್ನೊಬ್ಬನ ಹತ್ತನೇ ಗೆರೆಗೂ ಸಂಬಂಧವೇ ಇರಲಿಲ್ಲ. ಊರಿಗೊಂದು ಸೇರು, ಊರಿಗೊಂದು ಮೊಳ ಇದ್ದಂತೆ! ಎಲ್ಲಿ ಯಾರು ಅಳೆದರೂ ಬದಲಾಗದ ನೆಲೆಗಳು ಬೇಕಾಗಿದ್ದವು.

ಡಾನ್‌ಜಿಗ್‌ನಲ್ಲಿ 1686ರಲ್ಲಿ ಹುಟ್ಟಿ ಹಾಲೆಂಡಿನಲ್ಲಿ ನೆಲೆಸಿದ ಡೇನಿಯಲ್ ಫ್ಯಾರನ್‌ಹೀಟ್ ಪಾದರಸ ತುಂಬಿದ, ಒಂದಕ್ಕೊಂದು ತಾಳೆಯಾಗುವ ಮಾಪಕಗಳನ್ನು ತಯಾರಿಸಿದ. 1724ರಲ್ಲಿ ಪ್ರಕಟಿಸಿದ ಕ್ರಮದಂತೆ ಮಂಜುಗಡ್ಡೆ, ನೀರು, ನವಸಾಗರಗಳ ಮಿಶ್ರಣದ ಶೈತ್ಯಕ್ಕೆ 0, ಕರಗುವ ಮಂಜುಗಡ್ಡೆಗೆ 32, ಆರೋಗ್ಯವಂತನ ಮೈ ಬಿಸಿಗೆ 96. ಮುಂದೆ ನೀರಿನ ಕುದಿಬಿಂದುವನ್ನು ಸರಿಯಾಗಿ 212ಕ್ಕೆ ಹೊಂದಿಸಿದಾಗ ಗೆರೆಗಳು ತುಸು ಸರಿದವು, ಮೈ ಬಿಸಿ 96ರಲ್ಲಿ ಉಳಿಯಲಿಲ್ಲ.

ಸ್ವೀಡನ್ನಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಭಾಗಗಳ ಅಳತೆ ಸೂಚಿಸಿದ. ತಮಾಷೆಯೆಂದರೆ ಅವನ ಕ್ರಮದಲ್ಲಿ ನೀರು ಕುದಿಯುವುದು 0ಯಲ್ಲಿ, ಹೆಪ್ಪುಗಟ್ಟುವುದು 100ರಲ್ಲಿ! ಅದನ್ನು ತಲೆಕೆಳಗು ಮಾಡಿ ಇಂದಿನ ರೂಪಕ್ಕೆ ತಂದವರು ಅನಂತರದವರು.

ಮಾಪಕ ಸಿದ್ಧವಾದರೂ ಆಸ್ಪತ್ರೆಯಲ್ಲಿ ಅದು ನಿತ್ಯದ ಬಳಕೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಸುಮಾರು ಒಂದಡಿ ಉದ್ದದ ಕೊಳವೆಯನ್ನು ರೋಗಿ ಇಪ್ಪತ್ತು ನಿಮಿಷ ಹಿಡಿದಿರಬೇಕಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್‌ಬಟ್ ಆರು ಅಂಗುಲದ, ಐದೇ ನಿಮಿಷದಲ್ಲಿ ಜ್ವರ ಹೇಳುವ ಮಾಪಕವನ್ನು ರೂಪಿಸಿದ. ಅದೇ ಕಾಲಕ್ಕೆ ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಕಂಕುಳಿನ ತಾಪಮಾನವನ್ನು ಮತ್ತೆ ಮತ್ತೆ ಅಳೆಸಿ, 1868ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದ. ಜ್ವರ ತಾನೇ ರೋಗವಲ್ಲ, ರೋಗದ ಲಕ್ಷಣ. ಅದರ ಏರಿಳಿತ ನೋಡಿ ರೋಗದ ಜಾಡು ಹಿಡಿಯಬಹುದು ಎಂಬುದು ಅವನ ವಾದ. ಆಸ್ಪತ್ರೆಯ ಮಂಚಕ್ಕೆ ತೂಗುವ ಜ್ವರದ ಪಟ್ಟಿಯ ಹಿಂದಿರುವುದು ಇದೇ ವಿಚಾರ.

ವುಂಡರ್‌ಲಿಖ್ ಕೊಟ್ಟ ಸರಾಸರಿ 37 ಡಿಗ್ರಿ ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ ಸಿಕ್ಕಿದ್ದೇ 98.6. ದಶಮಾಂಶದ ಚುಕ್ಕೆ ಅಂಟಿಕೊಂಡದ್ದರಿಂದ ಅದು ಕರಾರುವಾಕ್ಕಾದ ಗಡಿಯಂತೆ ತೋರುತ್ತದೆ, ಅಷ್ಟೆ. ಆರೋಗ್ಯವಂತರ ಮೈ ಬಿಸಿ ನಸುಕಿನಲ್ಲಿ ಕಡಿಮೆ, ಸಂಜೆ ಹೆಚ್ಚು ಎಂಬುದನ್ನು ಅವನೇ ಗುರುತಿಸಿದ್ದ. ಅಮೆರಿಕದಲ್ಲಿ 1992ರಲ್ಲಿ 148 ಆರೋಗ್ಯವಂತರನ್ನು ಪರೀಕ್ಷಿಸಿದಾಗ ಬಂದ ಸರಾಸರಿ 98.2.

ಈಗ ಗಾಜಿನ ಕೊಳವೆಯನ್ನು ಕೊಡವಿ ಪಾದರಸ ಇಳಿಸುವ ದೃಶ್ಯ ಅಪರೂಪ. ಪಾದರಸ ವಿಷ. ಅದರ ಬಳಕೆಯನ್ನು ತಗ್ಗಿಸಲು 2013ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಹಣೆಗೆ ಹಿಡಿಯುವ ಮಾಪಕವೂ ಎಲ್ಲರಿಗೆ ಪರಿಚಯವಾಯಿತು.

ಉಪಕರಣ ಬದಲಾದರೂ ಅಳತೆಯ ಅರ್ಥ ಬದಲಾಗಿಲ್ಲ. ಒಂದು ಸಂಖ್ಯೆ ತಾನಾಗಿ ಹೇಳುವುದು ಕಡಿಮೆ. ಬೆಳಿಗ್ಗೆ ಎಷ್ಟಿತ್ತು, ಸಂಜೆ ಎಷ್ಟಾಯಿತು, ಅಳೆದದ್ದು ಬಾಯಿಯಲ್ಲೋ ಕಂಕುಳಲ್ಲೋ, ಮಗು ಆಡುತ್ತಿದೆಯೋ ಮಂಕಾಗಿದೆಯೋ ಎಂಬುದೂ ಸೇರಬೇಕು. ಎಳೆಗೂಸಿಗೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು, ನಿಜ. ಆದರೆ ಸಂಜೆ ಹೊತ್ತು ಆಡಿ ಬಂದ ಹುಡುಗನ ಮೈ 99 ತೋರಿಸಿದರೆ ಗಾಬರಿ ಬೇಡ.