ಯಂತ್ರದೊಳಗಿನ ಐನ್‌ಮನೆ

ಕೊಡಗಿನ ಹಳೆಯ ಐನ್‌ಮನೆಗಳನ್ನು ಕಂಡವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಒಕ್ಕ ಯಾವುದೇ ಆಗಿರಲಿ, ಮನೆಯ ಕ್ರಮ ಬಹುಮಟ್ಟಿಗೆ ಒಂದೇ. ಹೊರಗೆ ಕಂಬಗಳ ನಡುವೆ ಐಮರ; ಒಳಗೆ ದೀಪ ತೂಗುವ ನೆಲ್ಲಕ್ಕಿ ನಡುಬಾಡೆ; ನೈಋತ್ಯದಲ್ಲಿ ಹಿರಿಯರ ನೆನಪಿಗೆ ಮೀಸಲಾದ ಕನ್ನಿಕೋಂಬರೆ. ಪುತ್ತರಿಯ ರಾತ್ರಿ ಗದ್ದೆಯಿಂದ ಕದಿರು ತಂದವನು ಅದನ್ನು ಎಲ್ಲಿಡಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಮನೆಯ ಕ್ರಮವೇ ಅವನಿಗೆ ದಾರಿ ತೋರಿಸುತ್ತದೆ.

ಗಣಕಯಂತ್ರದೊಳಗೂ ಇಂಥ ಕ್ರಮವೊಂದು ಬೇಕು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬುದು ಸಾವಿರಾರು ಕಡತಗಳ ದೊಡ್ಡ ಸಂಸಾರ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬಹುಬೇಗ ಅನೇಕರ ಕೈ ಸೇರಿತು. ಅದನ್ನು ಹಂಚುವವರೆಲ್ಲ ಕಡತಗಳನ್ನು ತಮಗೆ ತೋಚಿದ ಕಡೆ ಇರಿಸತೊಡಗಿದರು. ಹೀಗಾಗಿ ಒಬ್ಬರ ಯಂತ್ರದಲ್ಲಿ ಸುಸೂತ್ರವಾಗಿ ನಡೆದ ಕಾರ್ಯಕ್ರಮಕ್ಕೆ ಮತ್ತೊಬ್ಬರ ಯಂತ್ರದಲ್ಲಿ ತನಗೆ ಬೇಕಾದ ಕಡತವೇ ಸಿಗದಂತಾಗುತ್ತಿತ್ತು.

ಈ ಗೊಂದಲವನ್ನು ನೀಗಲು 1993ರ ಆಗಸ್ಟಿನಲ್ಲಿ ಸ್ವಯಂಸೇವಕರ ಸಮಾಲೋಚನೆ ಆರಂಭವಾಯಿತು. 1994ರ ಫೆಬ್ರವರಿ 14ರಂದು ಮೊದಲ ನಿಯಮಾವಳಿ ಹೊರಬಿತ್ತು. ಮುಂದೆ ಅದು ‘ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್’ ಎಂಬ ಹೆಸರನ್ನು ಪಡೆಯಿತು. ಪ್ರತಿಯೊಂದು ಕಡತದ ವಿಷಯದಲ್ಲಿಯೂ ಅದು ಕೇಳುವ ಮುಖ್ಯ ಪ್ರಶ್ನೆಗಳು ಎರಡೇ: ಇದು ದಿನನಿತ್ಯ ಬದಲಾಗುವಂಥದೋ, ಸ್ಥಿರವಾದುದೋ? ಅನೇಕ ಯಂತ್ರಗಳು ಹಂಚಿಕೊಳ್ಳಬಹುದಾದುದೋ, ಈ ಯಂತ್ರಕ್ಕೇ ಸೀಮಿತವಾದುದೋ? ಬದಲಾಗದ, ಹಂಚಿಕೊಳ್ಳಬಹುದಾದ ಸಾಮಗ್ರಿಗೆ ‘ಯುಎಸ್‌ಆರ್’ ಎಂಬ ಕೋಣೆ. ಆಯಾ ಯಂತ್ರದ ಕಟ್ಟುಪಾಡುಗಳಿಗೆ ‘ಇಟಿಸಿ’. ಬೆಳೆಯುತ್ತ ಹೋಗುವ ದಿನಚರಿಗಳಿಗೆ ‘ವಾರ್’. ಬಳಸುವವರ ಪತ್ರಗಳು, ಚಿತ್ರಗಳು ಸಾಮಾನ್ಯವಾಗಿ ‘ಹೋಮ್’ ಎಂಬಲ್ಲಿ ಇರುತ್ತವೆ. ಯಂತ್ರ ಕೆಡುವ ಮುನ್ನ ಯಾವುದನ್ನು ಮೊದಲು ನಕಲು ಮಾಡಿ ಕಾಪಾಡಬೇಕೆಂಬುದು ಈ ವಿಂಗಡಣೆಯಿಂದಲೇ ತಿಳಿಯುತ್ತದೆ.

ನಿಯಮವನ್ನು ಬರೆಯುವುದು ಸುಲಭ. ಜನ ವಾಸವಾಗಿರುವ ಮನೆಯನ್ನು ಅದಕ್ಕೆ ಹೊಂದಿಸುವುದು ಕಷ್ಟ. ಸ್ವಯಂಸೇವಕರೇ ಕಟ್ಟಿ ಬೆಳೆಸಿದ ಡೆಬಿಯನ್ ಎಂಬ ವ್ಯವಸ್ಥೆಗೆ 1999ರಲ್ಲಿ ಈ ಪರೀಕ್ಷೆ ಎದುರಾಯಿತು. ಅಲ್ಲಿಯವರೆಗೆ ಕೈಪಿಡಿಗಳು ಯುಎಸ್‌ಆರ್‌ನ ‘ಡಾಕ್’ ವಿಭಾಗದಲ್ಲಿದ್ದವು. ಹೊಸ ನಿಯಮದಂತೆ ಅವು ‘ಶೇರ್’ ಎಂಬ ಕೋಣೆಯ ಒಳಗಿನ ‘ಡಾಕ್’ ವಿಭಾಗಕ್ಕೆ ಹೋಗಬೇಕಾಗಿತ್ತು. ಯಂತ್ರದ ಜಾತಿ ಬೇರೆಯಾದರೂ ಕೈಪಿಡಿ ಬದಲಾಗದು ಎಂಬುದೇ ಇದಕ್ಕೆ ಕಾರಣ. ಕೆಲಸ ಅಲ್ಪವೆಂದು ತೋರಬಹುದು. ಆದರೆ 2000ದ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 2.2ರಲ್ಲಿ 3900ಕ್ಕೂ ಮಿಕ್ಕಿ ಕಟ್ಟುಗಳಿದ್ದವು. ಅವುಗಳನ್ನು ನೋಡಿಕೊಳ್ಳುವವರು 450ಕ್ಕಿಂತಲೂ ಹೆಚ್ಚು ಮಂದಿ. ಎಲ್ಲವೂ ಒಂದೇ ದಿನ ಸ್ಥಳ ಬದಲಿಸುವಂತಿರಲಿಲ್ಲ. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದಾದರೆ ಹುಡುಕುವವರ ಪಾಡೇನು?

ಡೆಬಿಯನ್ನಿನ ತಾಂತ್ರಿಕ ಸಮಿತಿ ಮಧ್ಯಮಾರ್ಗವೊಂದನ್ನು ಕಂಡುಕೊಂಡಿತು. ಪ್ರತಿಯೊಂದು ಕಟ್ಟೂ ಹೊಸ ಸ್ಥಳಕ್ಕೆ ಹೋಗಲಿ. ಆದರೆ ಹಳೆಯ ಸ್ಥಳದಲ್ಲಿ ‘ಸಾಂಕೇತಿಕ ಕೊಂಡಿ’ಯೊಂದನ್ನು ಬಿಟ್ಟುಹೋಗಲಿ. ಹಳೆಯ ಬಾಗಿಲನ್ನು ತಟ್ಟಿದವನನ್ನು ಆ ಕೊಂಡಿ ತಾನಾಗಿಯೇ ಹೊಸ ಕೋಣೆಗೆ ಕರೆದೊಯ್ಯುತ್ತಿತ್ತು. ಎಲ್ಲರೂ ಹೊಸ ದಾರಿಗೆ ಒಗ್ಗಿಕೊಂಡ ಮೇಲೆ ಕೊಂಡಿಗಳನ್ನು ತೆಗೆಯಬಹುದಾಗಿತ್ತು.

ಕೊಂಡಿಗಳಿಂದಲೂ ಅಪಾಯವಿಲ್ಲದೆ ಇಲ್ಲ. 2023ರ ಜೂನಿನಲ್ಲಿ ಬಂದ ಡೆಬಿಯನ್ 12, ‘ಬಿನ್’ ಎಂಬ ಪುರಾತನ ಕೋಣೆಯನ್ನು ಯುಎಸ್‌ಆರ್‌ನೊಳಗಿನ ‘ಬಿನ್’ ಜೊತೆಗೆ ಕೂಡಿಸುವುದನ್ನು ಕಡ್ಡಾಯ ಮಾಡಿತು. ಒಂದೇ ಕೋಣೆಗೆ ಎರಡು ವಿಳಾಸಗಳಾದವು. ಕಟ್ಟುಗಳ ಲೆಕ್ಕವಿಡುವ ಕಾರ್ಯಕ್ರಮಕ್ಕೆ ಮಾತ್ರ ಇವೆರಡೂ ಒಂದೇ ಎಂಬುದು ತಿಳಿಯದು. ಕಡತವೊಂದು ಒಂದು ಕಟ್ಟಿನಿಂದ ಇನ್ನೊಂದಕ್ಕೂ, ಒಂದು ವಿಳಾಸದಿಂದ ಇನ್ನೊಂದಕ್ಕೂ ಏಕಕಾಲದಲ್ಲಿ ವರ್ಗವಾದರೆ, ಹಳೆಯ ಪ್ರತಿಯೆಂದು ಬಗೆದು ಆಗತಾನೆ ತಂದಿರಿಸಿದ ಕಡತವನ್ನೇ ಅದು ಅಳಿಸಿಬಿಡುವ ಸಂಭವವಿತ್ತು. ಆದುದರಿಂದಲೇ ಅಂಥ ಸ್ಥಳಾಂತರಗಳನ್ನು ಕೆಲಕಾಲ ತಡೆಹಿಡಿಯಬೇಕಾಯಿತು.

ನಿಯಮಪಾಲನೆ ಎಂದರೆ ಹೊಸ ನಕ್ಷೆಯನ್ನು ಗೋಡೆಗೆ ಅಂಟಿಸುವುದಷ್ಟೇ ಅಲ್ಲ. ಹಳೆಯ ದಾರಿಯನ್ನು ನಂಬಿ ಬಂದವರನ್ನು ಬರಿಗೈಯಲ್ಲಿ ಹಿಂದಿರುಗಿಸದೆ, ಹೊಸ ದಾರಿಗೆ ಮೆಲ್ಲನೆ ತಿರುಗಿಸುವುದು. ಯಂತ್ರದ ಮುಂದೆ ಕುಳಿತವರಿಗೆ ಈ ಶ್ರಮ ಕಾಣಿಸುವುದಿಲ್ಲ. ಅವರು ಕೇಳಿದ ಕಡತ ಮಾತ್ರ ಕೂಡಲೆ ತೆರೆದುಕೊಳ್ಳುತ್ತದೆ.