ವಿಷಮಶೀತದ ರೋಗಾಣುವಿಗೂ ಕುಲವುಂಟು

ಪಕ್ಕದ ಮನೆಯ ಹುಡುಗನಿಗೆ ವಿಷಮಶೀತ ಜ್ವರ ಬಂದು, ಮಾತ್ರೆಗಳಿಂದ ವಾಸಿಯಾಯಿತು. ತಿಂಗಳೊಪ್ಪತ್ತಿನಲ್ಲಿ ನಿಮ್ಮ ಮಗನಿಗೂ ಅದೇ ಜ್ವರ. ಉಳಿದಿದ್ದ ಮಾತ್ರೆಗಳನ್ನು ಅವರು ಅಕ್ಕರೆಯಿಂದಲೇ ತಂದು ಕೊಡುತ್ತಾರೆ. ಜ್ವರದ ಹೆಸರು ಒಂದೇ ಆದಮೇಲೆ ಮದ್ದೂ ಒಂದೇ ತಾನೆ, ಎಂದು ನೀವು ಕೇಳಬಹುದು. ಹಾಗಲ್ಲ, ಏಕೆಂಬುದನ್ನು ನೋಡೋಣ.

ಹಿಂದೆ ಈ ಜ್ವರಕ್ಕೆ ನೇರವಾದ ಮದ್ದಿರಲಿಲ್ಲ. ಪಥ್ಯ, ಶುಶ್ರೂಷೆ, ವಾರಗಟ್ಟಲೆ ಕಾಯುವುದು, ಇಷ್ಟೇ. ೧೯೪೮ರಲ್ಲಿ ಮಲಯಾದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು. ಮುಂದೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಅದೇ ವೈದ್ಯರ ರಾಮಬಾಣವಾಗಿತ್ತು. ೧೯೭೨ರಲ್ಲಿ ಬಾಣ ಗುರಿ ತಪ್ಪಿತು. ಮೆಕ್ಸಿಕೋ ದೇಶದಲ್ಲಿ ಸಾವಿರಾರು ಮಂದಿ ಹಾಸಿಗೆ ಹಿಡಿದರು. ಅದೇ ವರ್ಷ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲೂ ಜ್ವರ ಹಬ್ಬಿತು. ಎರಡೂ ಕಡೆ ರೋಗಾಣು ಆ ಮದ್ದಿಗೆ ಜಗ್ಗಲಿಲ್ಲ.

ಅಲ್ಲಿಯ ರೋಗಾಣುವೇ ಇಲ್ಲಿಗೆ ಬಂದಿತೆ? ಇದನ್ನು ತಿಳಿಯುವ ಉಪಾಯವೊಂದುಂಟು. ಸೂಕ್ಷ್ಮದರ್ಶಕದಲ್ಲಿ ವಿಷಮಶೀತದ ರೋಗಾಣುಗಳೆಲ್ಲ ಒಂದೇ ತೆರನಾದ ಸಣ್ಣ ಕಡ್ಡಿಗಳು. ಆದರೆ ರೋಗಾಣುವನ್ನೂ ಕೊಲ್ಲುವ ವೈರಸುಗಳಿವೆ. ಅವಕ್ಕೆ ಫೇಜ್ ಎಂದು ಹೆಸರು. ಒಂದು ಫೇಜಿಗೆ ಬಲಿಯಾಗುವ ಕುಲ ಇನ್ನೊಂದಕ್ಕೆ ಬಲಿಯಾಗದು. ತಟ್ಟೆಯಲ್ಲಿ ಬೆಳೆಸಿದ ರೋಗಾಣುಗಳ ಮೇಲೆ ಬೇರೆ ಬೇರೆ ಫೇಜುಗಳನ್ನು ತೊಟ್ಟಿಕ್ಕಿಸಿ, ಯಾವುದರಿಂದ ಬೆಳೆ ಅಳಿಯಿತೆಂದು ನೋಡಿದರೆ ಕುಲ ತಿಳಿಯುತ್ತದೆ. ೧೯೩೮ರಲ್ಲಿ ಕೆನಡಾದಲ್ಲಿ ಕ್ರೇಗಿ ಮತ್ತು ಯೆನ್ ಎಂಬವರು ರೂಪಿಸಿದ ಕ್ರಮವಿದು. ಹೀಗೆ ನೋಡಿದಾಗ ಮೆಕ್ಸಿಕೋದ ಕುಲವೇ ಬೇರೆ, ಕೇರಳದ ಕುಲವೇ ಬೇರೆ. ಮದ್ದನ್ನು ಸೋಲಿಸುವ ವಿದ್ಯೆಯನ್ನು ಎರಡೂ ಪ್ರತ್ಯೇಕವಾಗಿ ಪಡೆದಿದ್ದವು.

ಆ ವಿದ್ಯೆ ಬಂದದ್ದೆಲ್ಲಿಂದ? ಕೆಲವು ಸೂಕ್ಷ್ಮಾಣುಗಳೊಳಗೆ ಪ್ಲಾಸ್ಮಿಡ್ ಎಂಬ ಉಂಗುರದಂಥ ವಸ್ತುವಿರುತ್ತದೆ. ಮದ್ದನ್ನು ಕೆಡಿಸುವ ಗುಣ ಅದರಲ್ಲಿ ಅಡಗಿರಬಹುದು. ನಮ್ಮ ಕರುಳಿನಲ್ಲಿ ಸಾಧುವಾಗಿ ಬಾಳುವ ಸೂಕ್ಷ್ಮಾಣು ಕೂಡ ಈ ಉಂಗುರವನ್ನು ರೋಗಾಣುವಿಗೆ ದಾಟಿಸಬಲ್ಲದು. ಬರಿಯ ನೆಗಡಿಗೂ ಆಂಟಿಬಯೋಟಿಕ್ ನುಂಗಿದರೆ ಉಂಗುರವಿಲ್ಲದವು ಸಾಯುತ್ತವೆ; ಉಂಗುರ ತೊಟ್ಟವು ಉಳಿದು ಹೆಚ್ಚುತ್ತವೆ.

ಇಂದು ಜೀನುಗಳನ್ನೇ ಓದಿ ಕುಲ ಹೇಳುತ್ತಾರೆ. ದಕ್ಷಿಣ ಏಷ್ಯದಲ್ಲಿ ಬಹಳವಾಗಿ ಹರಡಿರುವುದು ಎಚ್ ೫೮ ಎಂಬ ಕುಲ. ೨೦೧೬ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಇದರದೊಂದು ಕವಲು ಹೊಸ ಉಂಗುರವನ್ನೂ ಪಡೆದು, ಐದು ಬಗೆಯ ಮದ್ದುಗಳನ್ನು ಮೀರಿ ನಿಂತಿತು. ಬಾಯಿಂದ ಕೊಡಲು ಉಳಿದದ್ದು ಅಜಿತ್ರೋಮೈಸಿನ್ ಒಂದೇ. ೨೦೧೯ರಲ್ಲಿ ಅಲ್ಲಿನ ಮಕ್ಕಳಿಗೆ ಹೊಸ ಲಸಿಕೆ ಹಾಕಲಾರಂಭಿಸಿದರು.

ಆದ್ದರಿಂದ ಜ್ವರ ಮೂರು ದಿನ ಬಿಡದಿದ್ದರೆ ವೈದ್ಯರನ್ನು ಕಾಣಿರಿ. ಆಂಟಿಬಯೋಟಿಕ್ ಆರಂಭಿಸುವ ಮುನ್ನ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಬೇಕೆ ಎಂದು ಕೇಳಿರಿ. ಯಾವ ಮದ್ದು ನಾಟುತ್ತದೆಂದು ತಿಳಿಯುವುದು ಅದರಿಂದಲೇ. ಪಕ್ಕದ ಮನೆಯಲ್ಲಿ ಮಾತ್ರೆ ಉಳಿದಿದೆಯೆಂದರೆ ಚಿಕಿತ್ಸೆಯನ್ನು ಬಹುಶಃ ನಡುವೆಯೇ ಬಿಟ್ಟಿದ್ದಾರೆ. ಹಾಗೆ ಬಿಟ್ಟರೆ ಜ್ವರ ಮರುಕಳಿಸಬಹುದು. ಅವರ ಅಕ್ಕರೆಗೆ ಕೃತಜ್ಞತೆ ಹೇಳಿ, ಮಾತ್ರೆಗಳನ್ನು ಹಿಂದಿರುಗಿಸಿರಿ. ಕುಡಿಯುವ ನೀರನ್ನು ಮಾತ್ರ ತಪ್ಪದೆ ಕುದಿಸಿರಿ. ಕುದಿಯುವ ನೀರಿನ ಮುಂದೆ ಯಾವ ಕುಲದ ರೋಗಾಣುವೂ ಉಳಿಯದು.