ಮೇಪಲ್ ಬೀದಿಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ

ಸ್ಟೀವ್ ಬ್ರ್ಯಾಂಡ್‌ನ ಮನೆಯ ನೆಲಮಾಳಿಗೆಯಲ್ಲಿ ಒಂದು ಹ್ಯಾಮ್ ರೇಡಿಯೋ ಇದೆ. ಇಪ್ಪತ್ತೈದು ನಿಮಿಷದ ಕತೆಯಲ್ಲಿ ಕ್ಯಾಮೆರಾ ಒಮ್ಮೆಯೂ ಆ ನೆಲಮಾಳಿಗೆಗೆ ಇಳಿಯುವುದಿಲ್ಲ. ಆದರೂ ನನ್ನಂಥ ಹ್ಯಾಮ್‌ಗಳಿಗೆ, ಅಂದರೆ ಪರವಾನಗಿ ಪಡೆದು ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿಗಳಿಗೆ, ಈ ಕತೆ ನೋಡುವಾಗ ಕಿವಿ ನಿಮಿರುವುದು ಅದರ ಮಾತು ಬಂದಾಗಲೇ.

ಕತೆಯ ಹೆಸರು ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’. ಅಮೆರಿಕದ ಸಿಬಿಎಸ್ ವಾಹಿನಿಯ ‘ದಿ ಟ್ವಿಲೈಟ್ ಝೋನ್’ ಮಾಲಿಕೆಯ ಮೊದಲ ಸೀಸನ್ನಿನ ಕಂತು. 1960ರ ಮಾರ್ಚ್ 4ರ ಶುಕ್ರವಾರ ರಾತ್ರಿ ಪ್ರಸಾರವಾಯಿತು. ಧಾರಾವಾಹಿ ಅಂದರೆ ನಮ್ಮ ಕಣ್ಣಿಗೆ ಬರುವ ಎಳೆದಾಟ ಇದರಲ್ಲಿಲ್ಲ. ವಾರಕ್ಕೊಂದು ಹೊಸ ಕತೆ, ಹೊಸ ಜನ, ಅವತ್ತೇ ಮುಕ್ತಾಯ. 1959ರಿಂದ 1964ರವರೆಗೆ ಬಂದ 156 ಕಂತುಗಳಲ್ಲಿ 92ನ್ನು ಮಾಲಿಕೆಯ ಜನಕ ರಾಡ್ ಸರ್ಲಿಂಗ್ ತಾವೇ ಬರೆದರು. ಇದೂ ಅವರದೇ. ನನಗೆ ಸಿಕ್ಕಿದ್ದು ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗ ತಂದುಕೊಟ್ಟ ಡಿವಿಡಿಗಳಲ್ಲಿ. ಈ ಮಳೆಗಾಲದಲ್ಲಿ ಮತ್ತೆ ಹಾಕಿಕೊಂಡು ನೋಡಿದೆ. ಕತೆಯನ್ನು ಇಲ್ಲಿ ಪೂರ್ತಿ ಹೇಳಿಬಿಡುತ್ತೇನೆ. ಕೊನೆ ಗೊತ್ತಿದ್ದೂ ನೋಡಬಹುದಾದ ಕತೆ ಇದು.

ಶನಿವಾರದ ಸಂಜೆ. ಮರಗಳ ನೆರಳಿನ ಬೀದಿ. ಐಸ್‌ಕ್ರೀಮ್ ಗಾಡಿ, ಆಡುವ ಮಕ್ಕಳು, ಕಾರು ತೊಳೆಯುವ ಗಂಡಸರು. ಸರಿಯಾಗಿ 6 ಗಂಟೆ 43 ನಿಮಿಷಕ್ಕೆ ತಲೆಯ ಮೇಲೆ ಏನೋ ಗುಡುಗಿಕೊಂಡು, ಮಿಂಚಿಕೊಂಡು ಹಾದುಹೋಗುತ್ತದೆ. ಉಲ್ಕೆ ಇರಬೇಕು ಅಂದುಕೊಳ್ಳುತ್ತಾರೆ. ಆಮೇಲೆ ನೋಡಿದರೆ ಕರೆಂಟಿಲ್ಲ, ಫೋನಿಲ್ಲ. ಬ್ಯಾಟರಿಯಲ್ಲಿ ನಡೆಯುವ ರೇಡಿಯೋ ಸದ್ದು ಮಾಡುವುದಿಲ್ಲ, ಕಾರು ಚಾಲೂ ಆಗುವುದಿಲ್ಲ. ಪಕ್ಕದ ಬೀದಿಯಲ್ಲೂ ಹೀಗೆಯೇ ಇದೆಯಾ ಎಂದು ನೋಡಿಬರಲು ಪೀಟ್ ವ್ಯಾನ್ ಹಾರ್ನ್ ಎಂಬಾತ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ. ಸ್ಟೀವ್ ಮತ್ತು ಅವನ ನೆರೆಯ ಚಾರ್ಲಿ ಪೇಟೆಯವರೆಗೆ ನಡೆದುಹೋಗಿ ಪೊಲೀಸರನ್ನು ಕೇಳಿಬರೋಣ ಎಂದು ಹೆಜ್ಜೆಯಿಟ್ಟಾಗ ಟಾಮಿ ಎಂಬ ಹುಡುಗ ತಡೆಯುತ್ತಾನೆ. ಹೋಗಬೇಡಿ, ಅವರು ಬಿಡುವುದಿಲ್ಲ ಅನ್ನುತ್ತಾನೆ. ತಾನು ಓದಿದ ಕತೆಗಳಲ್ಲಿ ಬೇರೆ ಗ್ರಹದವರು ಬರುವ ಮುಂಚೆ ಒಂದು ಸಂಸಾರವನ್ನು ಕಳಿಸುತ್ತಾರೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನೋಡಲು ಥೇಟ್ ಮನುಷ್ಯರೇ.

ದೊಡ್ಡವರೆಲ್ಲ ನಗುತ್ತಾರೆ. ಅಷ್ಟರಲ್ಲಿ ಅದೇ ಬೀದಿಯ ಲೆಸ್ ಗುಡ್‌ಮನ್‌ನ ಕಾರು ತಾನಾಗಿ ಚಾಲೂ ಆಗುತ್ತದೆ, ಒಳಗೆ ಯಾರೂ ಇಲ್ಲ. ನಗು ನಿಲ್ಲುತ್ತದೆ.

ಇಲ್ಲಿಂದ ಮುಂದಿನ ಹದಿನೈದು ನಿಮಿಷ ಸರ್ಲಿಂಗ್ ಮಾಡುವುದು ಒಂದೇ ಕೆಲಸ: ಬೀದಿಯವರಿಗೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಮೊದಲೇ ಗೊತ್ತಿದ್ದ ಸಂಗತಿಗಳನ್ನು ಒಂದೊಂದಾಗಿ ಹೊರಗೆ ತೆಗೆಸುತ್ತಾರೆ. ಗುಡ್‌ಮನ್ ಅಪರಾತ್ರಿಯಲ್ಲಿ ಜಗುಲಿಯ ಮೇಲೆ ನಿಂತು ಆಕಾಶ ನೋಡುವುದನ್ನು ಒಬ್ಬ ಹೆಂಗಸು ಕಂಡಿದ್ದಾಳೆ. ಅವನು ಇಲ್ಲ ಅನ್ನುವುದಿಲ್ಲ. ನನಗೆ ನಿದ್ದೆ ಬರುವುದಿಲ್ಲ, ಎದ್ದು ಹೊರಗೆ ಬರುತ್ತೇನೆ ಎಂದು ವಿವರಿಸುತ್ತಾನೆ. ಕತ್ತಲಾದ ಮೇಲೆ ಸರದಿ ಸ್ಟೀವ್‌ನದು. ಇವನ ಮನೆಯಲ್ಲಿ ಎಂಥದೋ ರೇಡಿಯೋ ಇದೆಯಂತೆ, ಇವನ ಹೆಂಡತಿಯೇ ಹೇಳುತ್ತಿರುತ್ತಾಳೆ, ನಾವ್ಯಾರೂ ಅದನ್ನು ಕಂಡಿಲ್ಲ. ಅದರಲ್ಲಿ ಯಾರ ಜೊತೆ ಮಾತಾಡುತ್ತೀಯ?

ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಹಾಸನದಲ್ಲಿ ಕಾಲೇಜು ಮೇಷ್ಟ್ರಾಗಿದ್ದಾಗ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆದವನು ನಾನು. ಮಹಡಿಯಿಂದ ತೆಂಗಿನಮರಕ್ಕೆ ತಂತಿ ಕಟ್ಟಿದ ವಾರದಲ್ಲೇ ಎದುರು ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೇಳಿದ್ದರು: “ಮೇಷ್ಟ್ರೇ, ರಾತ್ರಿಯೆಲ್ಲ ಒಬ್ಬರೇ ಕೂತು ಯಾರ ಹತ್ರ ಮಾತಾಡ್ತೀರಿ?” ಒಳಗೆ ಕರೆದು ಹೆಡ್‌ಫೋನ್ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, “ಮಂಡಕ್ಕಿ ಹುರಿದ ಹಾಗಿದೆಯಲ್ಲಪ್ಪ” ಅಂದರು. ಆಮೇಲೆ ಬೊಂಬಾಯಿಯಲ್ಲಿರುವ ಅವರ ಮಗ ಇದರಲ್ಲಿ ಸಿಗುತ್ತಾನಾ ಎಂದು ವಿಚಾರಿಸಿದರು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಬರುವ ಹೊತ್ತಿನಲ್ಲಿ ಮಾತ್ರ ನಾನು ಸೆಟ್ ಮುಟ್ಟುತ್ತಿರಲಿಲ್ಲ. ಪರದೆಯ ಮೇಲೆ ಒಂದು ಗೆರೆ ಮೂಡಿದರೂ ಬೀದಿಯಲ್ಲಿ ಯಾರ ಹೆಸರು ಬರುತ್ತದೆಂದು ಗೊತ್ತಿತ್ತು.

ಆ ಗೆರೆಗಳ ವಿಷಯ ಮೇಪಲ್ ಬೀದಿಯ ಕಾಲಕ್ಕೂ ಸಲ್ಲುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಮನೆಮನೆಗೆ ಟಿ.ವಿ. ಬಂದಾಗ ಹ್ಯಾಮ್‌ಗಳಿಗೂ ನೆರೆಯವರಿಗೂ ಜಗಳ ಹತ್ತಿತು. ಪ್ರೇಷಕದಿಂದ, ಅಂದರೆ ಟ್ರಾನ್ಸ್‌ಮಿಟರಿನಿಂದ, ನಾವು ಬಿಡುವ ಅಲೆಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಕಂಪನಾಂಕದ ಮರಿ ಅಲೆಗಳೂ ಸೋರುತ್ತವೆ. 28 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಎರಡರಷ್ಟು 56. ಅದು ಅಮೆರಿಕದ ಟಿ.ವಿ. ಚಾನೆಲ್ 2ರ ಜಾಗ. ಪಕ್ಕದ ಮನೆಯವನ ಕುಸ್ತಿ ಪಂದ್ಯ ಅಲ್ಲಿಗೆ ಕೆಟ್ಟಿತು. ಹಾಗಾಗಿ ಸ್ಟೀವ್‌ನ ಮೇಲಿನ ಆ ಗುಮಾನಿ ಸರ್ಲಿಂಗ್ ಗಾಳಿಯಿಂದ ಹಿಡಿದುತಂದದ್ದಲ್ಲ. ಅಂದಿನ ಪ್ರೇಕ್ಷಕರ ಬೀದಿಯಲ್ಲೂ ಒಂದು ಆಂಟೆನಾ ಇತ್ತು, ಅದರ ಕೆಳಗೊಬ್ಬ ಸ್ವಲ್ಪ ವಿಚಿತ್ರದ ಮನುಷ್ಯನೂ ಇದ್ದ.

ಸರ್ಕಾರಗಳಿಗೂ ಆ ಮನುಷ್ಯನ ಮೇಲೆ ಒಂದು ಕಣ್ಣು. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಬ್ರಿಟಿಷರು ಇಲ್ಲಿನ ಹ್ಯಾಮ್‌ಗಳಿಗೆ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸುವಂತೆ ಆಜ್ಞೆ ಕಳಿಸಿದರು. ಪರ್ಲ್ ಹಾರ್ಬರ್ ದಾಳಿಯಾದ ಕೂಡಲೇ ಅಮೆರಿಕದ ಹ್ಯಾಮ್‌ಗಳ ಬಾಯಿಯೂ ಬಂದ್. ಶೀತಲ ಸಮರದ ಕಾಲದಲ್ಲಿ, 1951ರಿಂದ 1963ರವರೆಗೆ, ಅಲ್ಲಿ ಇನ್ನೊಂದು ವ್ಯವಸ್ಥೆಯಿತ್ತು. ಶತ್ರು ವಿಮಾನಗಳು ರೇಡಿಯೋ ಕೇಂದ್ರಗಳ ಅಲೆ ಹಿಡಿದು ಊರಿನ ದಿಕ್ಕು ಕಂಡುಕೊಳ್ಳಬಾರದೆಂದು, ದಾಳಿಯ ಎಚ್ಚರಿಕೆ ಬಂದರೆ ಕೇಂದ್ರಗಳೆಲ್ಲ ಸುಮ್ಮನಾಗಬೇಕು. 640 ಮತ್ತು 1240 ಕಿಲೋಹರ್ಟ್ಸ್ ಎರಡರಲ್ಲಿ ಮಾತ್ರ ಸೂಚನೆ ಬರುತ್ತದೆ. ಆ ವರ್ಷಗಳಲ್ಲಿ ಮಾರಾಟವಾದ ರೇಡಿಯೋಗಳ ಡಯಲ್ ಮೇಲೆ ಆ ಎರಡು ಜಾಗಗಳಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತಿತ್ತು. ಸಂಗೀತ ಕೇಳಲು ತಿರುಪು ತಿರುಗಿಸಿದಾಗಲೆಲ್ಲ ಯುದ್ಧದ ನೆನಪು. ಇನ್ನು 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್‌ನ ಬೀಪ್ ಸದ್ದನ್ನು 20 ಮತ್ತು 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಜಗತ್ತಿನ ಹ್ಯಾಮ್‌ಗಳೆಲ್ಲ ಕೂತು ಕೇಳಿದರು. ಅದಾಗಿ ಮೂರು ವರ್ಷ ತುಂಬುವ ಮೊದಲೇ ಬಂದ ಕತೆ ಇದು. ರಾತ್ರಿ ಆಕಾಶ ನೋಡುವವನು, ನೆಲಮಾಳಿಗೆಯಲ್ಲಿ ರೇಡಿಯೋ ಇಟ್ಟವನು, ಇಬ್ಬರನ್ನೇ ಸರ್ಲಿಂಗ್ ಏಕೆ ಆರಿಸಿಕೊಂಡರೆಂದು ಬಿಡಿಸಿ ಹೇಳಬೇಕಿಲ್ಲ.

ಸ್ಟೀವ್‌ನ ಹೆಂಡತಿ ನಾನು ಮಾಡಿದ್ದನ್ನೇ ಮಾಡಲು ಹೊರಡುತ್ತಾಳೆ. ಅದು ಬರೀ ಹ್ಯಾಮ್ ಸೆಟ್ಟು, ಕೆಳಗೆ ಬನ್ನಿ, ತೋರಿಸುತ್ತೇನೆ ಅನ್ನುತ್ತಾಳೆ. ಸ್ಟೀವ್ ತಡೆಯುತ್ತಾನೆ. ಏನನ್ನೂ ತೋರಿಸಬೇಡ, ಮನೆಯೊಳಗೆ ಬರಬೇಕಿದ್ದರೆ ವಾರಂಟ್ ತರಲಿ. ಯಾರ ಜೊತೆ ಮಾತಾಡುತ್ತೀಯ ಅಂದವರಿಗೆ, ಮೂರು ತಲೆಯ ಹಸಿರು ಮನುಷ್ಯರ ಜೊತೆ ಎಂದು ಕಹಿಯಾಗಿ ಉತ್ತರಿಸುತ್ತಾನೆ. ಆ ಹೊತ್ತಿನಲ್ಲಿ ಗುಂಪಿನ ಮುಂದೆ ವ್ಯಂಗ್ಯ ಆಡುವುದು ಹುಚ್ಚುತನ. ಆಡದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಏಕೆಂದರೆ ತಗ್ಗಿ ವಿವರಿಸಿದ ಗುಡ್‌ಮನ್‌ನ ಗತಿಯನ್ನು ಸರ್ಲಿಂಗ್ ಆಗಲೇ ತೋರಿಸಿಯಾಗಿದೆ. ನಿದ್ದೆ ಬರುವುದಿಲ್ಲ ಎಂದು ಅವನು ಹೇಳಿದ್ದೇ ಅವನ ಮೇಲೆ ಇನ್ನೊಂದು ಸಾಕ್ಷಿಯಾಯಿತು. ನನ್ನ ಎದುರು ಮನೆಯ ಅಜ್ಜಿ ಕೇಳಿದ್ದು ಹಗಲಿನಲ್ಲಿ, ಒಬ್ಬರೇ, ಕುತೂಹಲಕ್ಕೆ. ಪ್ರಶ್ನೆ ಅದೇ ಇರಬಹುದು, ಕೇಳುವವರು ಇಪ್ಪತ್ತು ಜನ ಕತ್ತಲಲ್ಲಿ ನಿಂತರೆ ಹೆಡ್‌ಫೋನ್ ಉಪಯೋಗಕ್ಕೆ ಬರುವುದಿಲ್ಲ.

ಈ ಕಂತನ್ನು ವದಂತಿಯ ಕತೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವದಂತಿಯಲ್ಲಿ ಎಲ್ಲೋ ಒಬ್ಬ ಸುಳ್ಳುಗಾರ ಇರಬೇಕು. ಇಲ್ಲಿ ಹುಡುಕಿ ನೋಡಿ, ಒಬ್ಬನೂ ಸಿಗುವುದಿಲ್ಲ. ಗುಡ್‌ಮನ್ ಆಕಾಶ ನೋಡಿದ್ದು ನಿಜ, ಅವನ ಕಾರು ಚಾಲೂ ಆದದ್ದು ನಿಜ, ಸ್ಟೀವ್ ಮನೆಯಲ್ಲಿ ರೇಡಿಯೋ ಇರುವುದು ನಿಜ. ಕೊನೆಗೆ ನೋಡಿದರೆ ಟಾಮಿ ಹೇಳಿದ ಅನ್ಯಗ್ರಹದವರೂ ನಿಜ! ನಿಜಗಳ ನಡುವೆ ಬೀದಿಯವರು ಎಳೆದ ಗೆರೆ ಮಾತ್ರ ಅವರದು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಾಗದೆ ಇರದು. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್ ಸಂದೇಶ ಮುಂದಿನ ಊರಿಗೆ ಅವರಿಗಿಂತ ಮೊದಲೇ ತಲುಪಿತು, ರಸ್ತೆಗೆ ಅಡ್ಡ ಕಟ್ಟಿದರು, ಕಾರು ಉರುಳಿತು, ಗುಂಪಿನ ಹೊಡೆತಕ್ಕೆ ಒಬ್ಬರು ಸತ್ತರು. ಕಾರು ಬಂದದ್ದು ನಿಜ, ಚಾಕೊಲೇಟ್ ಕೊಟ್ಟದ್ದೂ ನಿಜ. ಆ ವರ್ಷ ದೇಶದಲ್ಲೆಲ್ಲ ಓಡಾಡಿದ, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಕೂಡ ಚಿತ್ರವಾಗಿ ಸಾಚಾ. ಅದು ಕರಾಚಿಯ ಒಂದು ಸಂಸ್ಥೆ ಜನಜಾಗೃತಿಗೆಂದು ಮಾಡಿದ್ದು. ಮಗುವನ್ನು ವಾಪಸು ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು.

ಸರ್ಲಿಂಗ್ ಈ ವಿಷಯವನ್ನು ವಿಜ್ಞಾನ ಕತೆಯ ಬುಟ್ಟಿಯಲ್ಲಿ ಮುಚ್ಚಿ ತಂದದ್ದಕ್ಕೆ ಕಾರಣವಿದೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಬೆಳೆದ ಯಹೂದಿ ಹುಡುಗ, ಪ್ಯಾರಾಶೂಟ್ ದಳದ ಸೈನಿಕನಾಗಿ ಫಿಲಿಪೈನ್ಸ್‌ನಲ್ಲಿ ಕಾದಾಡಿ ಗಾಯಗೊಂಡು ಬಂದವರು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು, ಆರೋಪಿಗಳು ಖುಲಾಸೆಯಾದರು. ಅದನ್ನು ಮನಸ್ಸಿನಲ್ಲಿಟ್ಟು ಸರ್ಲಿಂಗ್ ಒಂದು ಟಿ.ವಿ. ನಾಟಕ ಬರೆದರು. ದಕ್ಷಿಣದ ರಾಜ್ಯಗಳಲ್ಲಿ ಬಹಿಷ್ಕಾರದ ಬೆದರಿಕೆ ಎದ್ದಿತು, ಪ್ರಾಯೋಜಕರು ಹೆದರಿದರು. ಕತೆಯನ್ನು ಉತ್ತರದ ನ್ಯೂ ಇಂಗ್ಲೆಂಡ್‌ಗೆ ಎತ್ತಿಕೊಂಡು ಹೋದರು. ಸತ್ತವನು ಯಾವ ಜನಾಂಗದವನೂ ಅಲ್ಲದ ಯಾರೋ ಪರದೇಶಿಯಾದ. ದಕ್ಷಿಣದ ನೆನಪು ಬರುತ್ತದೆಂದು ದೃಶ್ಯದಿಂದ ಕೋಕಾ ಕೋಲಾ ಬಾಟಲಿಯನ್ನೂ ತೆಗೆಸಿದರು. ಹಾಗೆ ಸಪ್ಪೆಯಾಗಿ 1956ರಲ್ಲಿ ಪ್ರಸಾರವಾಯಿತು. 1958ರಲ್ಲಿ ಇನ್ನೊಮ್ಮೆ ಪ್ರಯತ್ನಿಸಿದಾಗಲೂ ಅದೇ ಪಾಡು. ಅನ್ಯಗ್ರಹದ ಜೀವಿ ಆಡುವ ಮಾತನ್ನು ಮಾತ್ರ ಪ್ರಾಯೋಜಕರು ಅಷ್ಟು ಕಿವಿಗೊಟ್ಟು ಕೇಳುವುದಿಲ್ಲವೆಂದು ಸರ್ಲಿಂಗ್ ಕಂಡುಕೊಂಡರು.

ಆ ಅನಿವಾರ್ಯತೆಯಿಂದ ಒಂದು ಲಾಭವಾಯಿತು ಅನ್ನುವುದು ನನ್ನ ಅಭಿಪ್ರಾಯ. ಮೇಪಲ್ ಬೀದಿಯಲ್ಲಿ ಹೊರಗಿನವರೇ ಇಲ್ಲ. ಎಲ್ಲರೂ ಬಿಳಿಯರು, ಒಂದೇ ಅಂತಸ್ತು, ಒಂದೇ ಬಗೆಯ ಹುಲ್ಲುಹಾಸು. ದ್ವೇಷಿಸಲು ಬೇರೆಯವರು ಸಿಗದೆ ಹೋದಾಗ ಜನ ನಿದ್ದೆಗೆಟ್ಟವನನ್ನು ಹಿಡಿಯುತ್ತಾರೆ, ರೇಡಿಯೋದವನನ್ನು ಹಿಡಿಯುತ್ತಾರೆ. ಪಕ್ಕದ ಬೀದಿಗೆ ಹೋಗಿದ್ದ ಪೀಟ್ ಕತ್ತಲಲ್ಲಿ ನಡೆದು ಬರುತ್ತಿರುವಾಗ ಅವನ ಆಕೃತಿ ಕಂಡು ಚಾರ್ಲಿ ಬಂದೂಕು ಕಸಿದುಕೊಂಡು ಗುಂಡು ಹಾರಿಸುತ್ತಾನೆ. ಅಲ್ಲಿ ಕರೆಂಟಿತ್ತೋ ಇಲ್ಲವೋ, ಅವನು ತಂದ ಸುದ್ದಿ ಅವನೊಂದಿಗೇ ಹೋಯಿತು.

ಕೊನೆಯಲ್ಲಿ ಗುಡ್ಡದ ಮೇಲೆ ನಿಂತ ಇಬ್ಬರು ಅನ್ಯಗ್ರಹದವರು ಕಾಣುತ್ತಾರೆ. ಕೆಳಗೆ ದೀಪಗಳು ಹತ್ತಿ ಆರುತ್ತಿವೆ, ಜನ ಒಬ್ಬರನ್ನೊಬ್ಬರು ಅಟ್ಟಾಡಿಸುತ್ತಿದ್ದಾರೆ. ಸ್ವಲ್ಪ ಕರೆಂಟು, ಸ್ವಲ್ಪ ಕತ್ತಲು ಸಾಕು, ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ ಎಂದು ಒಬ್ಬ ಇನ್ನೊಬ್ಬನಿಗೆ ಪಾಠ ಹೇಳಿದಂತೆ ಹೇಳುತ್ತಾನೆ. ಬಜೆಟ್ ಕಡಿಮೆ. ಎಂಜಿಎಂ ಸ್ಟುಡಿಯೋದ ಹಳೆಯ ಹೊರಾಂಗಣ ಸೆಟ್ಟೇ ಬೀದಿ. ಅನ್ಯಗ್ರಹದವರ ಬಟ್ಟೆ, ವ್ಯೋಮನೌಕೆ ಎರಡೂ 1956ರ ‘ಫರ್ಬಿಡನ್ ಪ್ಲಾನೆಟ್’ ಸಿನಿಮಾದಿಂದ ಎರವಲು. ಈ ಒಂದು ದೃಶ್ಯ ಇಂದಿಗೆ ನಗು ತರಿಸುತ್ತದೆ, ತರಿಸಿದರೆ ತರಿಸಲಿ.

ಇಷ್ಟೆಲ್ಲ ಯಂತ್ರಗಳು ಒಟ್ಟಿಗೆ ಸಾಯುವುದು ಶುದ್ಧ ಕಟ್ಟುಕತೆಯೇ ಎಂದು ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದರೆ, ಅಲ್ಲ. ಕಂತು ಬಂದ ಎರಡು ವರ್ಷಕ್ಕೆ, 1962ರ ಜುಲೈ 9ರಂದು, ಅಮೆರಿಕ ಪೆಸಿಫಿಕ್ ಸಾಗರದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಒಂದು ಪರಮಾಣು ಬಾಂಬ್ ಸಿಡಿಸಿತು. ಅಲ್ಲಿಂದ ಸುಮಾರು 1,400 ಕಿಲೋಮೀಟರ್ ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು, ಕಳ್ಳರ ಬಗ್ಗೆ ಎಚ್ಚರಿಸುವ ಗಂಟೆಗಳು ತಾವಾಗಿ ಹೊಡೆದುಕೊಂಡವು. ವಿದ್ಯುತ್ಕಾಂತೀಯ ಆಘಾತ ಎಂದು ಅದಕ್ಕೆ ಹೆಸರು. ಅಂಥದ್ದಾಗಿದ್ದರೆ ಬೀದಿಯಲ್ಲಿ ಬದುಕುಳಿಯುವ ಸಾಧ್ಯತೆ ಹೆಚ್ಚಿದ್ದದ್ದು ಸ್ಟೀವ್‌ನ ಸೆಟ್ಟಿಗೇ. ಆ ಕಾಲದ ಸೆಟ್ಟುಗಳ ನಿರ್ವಾತ ಕವಾಟಗಳು (ವಾಲ್ವ್‌ಗಳು) ಟ್ರಾನ್ಸಿಸ್ಟರ್‌ಗಿಂತ ಗಟ್ಟಿ ಜೀವ. ಸೆಟ್ಟಿಗೆ ಕರೆಂಟು ಕೊಡಲು ಒಂದು ದಾರಿ ಸಿಕ್ಕಿದ್ದರೆ ಅವನು ಪಕ್ಕದ ರಾಜ್ಯದವರನ್ನು ಕೇಳಿ ಎಲ್ಲರಿಗೂ ವಿಷಯ ತಿಳಿಸಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

2003ರಲ್ಲಿ ಈ ಕತೆಯನ್ನು ಮತ್ತೆ ಮಾಡಿದರು. ಅದರಲ್ಲಿ ಅನ್ಯಗ್ರಹದವರಿಲ್ಲ, ಭಯೋತ್ಪಾದನೆಯ ಹೆದರಿಕೆಗೆ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಸೈನ್ಯ ನಡೆಸಿದ ಪ್ರಯೋಗ ಅದು. ಬುದ್ಧಿವಂತಿಕೆಯ ಬದಲಾವಣೆಯೇ, ಆದರೆ ಕತೆ ಸಣ್ಣದಾಯಿತು. ಸೈನ್ಯವನ್ನು ಬೈದು ಟಿ.ವಿ. ಆರಿಸಿ ಮಲಗಬಹುದು. ಎರವಲು ಬಟ್ಟೆಯ ಅನ್ಯಗ್ರಹದವರನ್ನು ಬೈಯುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಹಳೆಯ ಕಂತಿನಲ್ಲಿ ಸಿಟ್ಟು ಬೀದಿಯಲ್ಲೇ ಉಳಿದುಬಿಡುತ್ತದೆ.

ಸಿಕ್ಕರೆ 1960ರದ್ದನ್ನೇ ನೋಡಿ, ನೋಡುವಾಗ ಚಾರ್ಲಿಯ ಮೇಲೆ ಕಣ್ಣಿಡಿ. ಆ ಪಾತ್ರ ಮಾಡಿದ ಜ್ಯಾಕ್ ವೆಸ್ಟನ್ ಹಾಸ್ಯ ಪಾತ್ರಗಳಿಗೆ ಹೆಸರಾದ ನಟ. ದುಂಡು ಮೈ, ಎಲ್ಲರಿಗಿಂತ ಮೊದಲು ಬಾಯಿ ಹಾಕುವ ಸ್ವಭಾವ. ಪೀಟ್ ಸತ್ತು ಬಿದ್ದ ಮೇಲೆ ಇದ್ದಕ್ಕಿದ್ದಂತೆ ಚಾರ್ಲಿಯ ಮನೆಯ ದೀಪ ಮಾತ್ರ ಹತ್ತಿಕೊಳ್ಳುತ್ತದೆ. ಎಲ್ಲರೂ ಅವನತ್ತ ತಿರುಗುತ್ತಾರೆ. ಇದೇನು ತಮಾಷೆಯಾ ಎಂದು ಅವನು ಮೊದಲು ಕೇಳುತ್ತಾನೆ, ಆಮೇಲೆ ಮನೆಯತ್ತ ಓಡುತ್ತಾನೆ, ಕಲ್ಲು ಬೀಳುತ್ತವೆ, ಹಣೆ ಒಡೆಯುತ್ತದೆ. ಯಾರೆಂದು ನನಗೆ ಗೊತ್ತು, ಗೊತ್ತು ಎಂದು ಕೂಗುತ್ತಾನೆ. ಯಾರು ಎಂದು ಅವರು ಕೇಳಿದಾಗ ಅವನಿಗೂ ಇನ್ನೂ ಗೊತ್ತಿಲ್ಲ. ಹೇಳುವ ಹೆಸರನ್ನು ಆ ಗುಂಪಿನ ಮುಖಗಳಲ್ಲಿ ಹುಡುಕಿ, ಕೊನೆಗೆ ಟಾಮಿಯ ಕಡೆ ಕೈ ತೋರಿಸುತ್ತಾನೆ.